ಡೀಸೆಲ್ ಪುಸ್ತಕ ಹಿಡಿದು ಕಾರ್ಬನ್ ಲೆಕ್ಕ ಮಾಡಿದ್ದು

ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ಒಂದು ಸೇತುವೆ ಸೈಟಿನಲ್ಲಿ ನಾನು ಪ್ಲಾನಿಂಗ್ ಇಂಜಿನಿಯರ್. ದೊಡ್ಡ ಕಂಪನಿ, ಹೆಸರು ಬೇಡ. ಒಂದು ಜೂನ್ ತಿಂಗಳಲ್ಲಿ ಹೆಡ್ ಆಫೀಸಿನಿಂದ ಎಕ್ಸೆಲ್ ಶೀಟ್ ಬಂತು. ಸೈಟಿನ ಕಾರ್ಬನ್ ಲೆಕ್ಕ, ಅಂದರೆ ನಮ್ಮ ಕೆಲಸದಿಂದ ಎಷ್ಟು ಕಾರ್ಬನ್ ಡೈಆಕ್ಸೈಡ್ ಗಾಳಿಗೆ ಹೋಯಿತು ಅನ್ನೋದನ್ನ, ತಿಂಗಳು ತಿಂಗಳು ತುಂಬಿ ಕಳಿಸಬೇಕಂತೆ. ಹೊರಗೆ ಧೋ ಅಂತ ಮಳೆ, ಫೌಂಡೇಶನ್ ಗುಂಡಿ ತುಂಬಾ ನೀರು. ಅದರ ಮಧ್ಯೆ ಇದೊಂದು.

ಇದು ಸುಮ್ನೆ ಬಂದದ್ದಲ್ಲ. ಷೇರುಪೇಟೆಯ ಮೊದಲ 1,000 ಕಂಪನಿಗಳಿಗೆ ಇಂಥ ವರದಿಯನ್ನು ಷೇರುಪೇಟೆ ನಿಯಂತ್ರಕ ಸೆಬಿ 2022-23ರಿಂದ ಕಡ್ಡಾಯ ಮಾಡಿದೆ. ದೇಶದ ನೆಟ್ ಝೀರೋ (ಬಿಡುವಷ್ಟೇ ಕಾರ್ಬನ್ ಹೀರಿಸಿ ಲೆಕ್ಕ ಸೊನ್ನೆ ಮಾಡುವ) ಗುರಿ 2070. ಎಲ್ ಅಂಡ್ ಟಿ 2040ಕ್ಕೇ ಕಾರ್ಬನ್ ನ್ಯೂಟ್ರಲ್ ಆಗುವ ಗುರಿ ಇಟ್ಟುಕೊಂಡಿದೆ. ನಾನಿರುವ ಕಂಪನಿಯೂ ಒಂದು ಇಸವಿ ಘೋಷಿಸಿದೆ.

ಶುರು ಮಾಡಿದ್ದು ಸ್ಟೋರಿನ ಡೀಸೆಲ್ ಪುಸ್ತಕದಿಂದ. ಮಳೆಗಾಲದ ತೇವಕ್ಕೆ ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.68 ಕಿಲೋ ಕಾರ್ಬನ್ ಡೈಆಕ್ಸೈಡ್. 'ಲೀಟರ್ ಡೀಸೆಲ್ಲೇ ಒಂದು ಕಿಲೋ ತೂಗಲ್ಲ, ಹೊಗೆ ಎರಡೂವರೆ ಕಿಲೋ ಹೇಗೆ ಸಾರ್?' ಅಂತ ಸ್ಟೋರಿನ ಹುಡುಗ ಕೇಳಿದ. ಒಳ್ಳೆ ಪ್ರಶ್ನೆ. ಉರಿಯುವಾಗ ಗಾಳಿಯ ಆಕ್ಸಿಜನ್ ಸೇರಿಕೊಳ್ಳುತ್ತದೆ, ಆ ತೂಕ ಅದು.

ಪುಸ್ತಕವನ್ನು ಯಂತ್ರಗಳ ಅವರ್ ಮೀಟರ್ (ಇಂಜಿನ್ ಎಷ್ಟು ಗಂಟೆ ಓಡಿತು ಅಂತ ತೋರಿಸುವುದು) ಜೊತೆ ತಾಳೆ ಹಾಕಿದೆ. ಹಿಟಾಚಿಗಳು ಮಳೆ ಬಂದಾಗ ಕೆಲಸ ನಿಲ್ಲಿಸುತ್ತಿದ್ದವು, ಇಂಜಿನ್ ನಿಲ್ಲಿಸುತ್ತಿರಲಿಲ್ಲ. ಸುಮ್ಮನೆ ನಿಂತರೂ ಗಂಟೆಗೆ ಮೂರ್ನಾಲ್ಕು ಲೀಟರ್ ಕುಡಿಯುತ್ತವೆ. ಇನ್ನೊಂದು, ಲೇಬರ್ ಶೆಡ್ಡಿನ ಜನರೇಟರ್. ಇಲ್ಲಿ ಮರ ಬಿದ್ದು ಲೈನ್ ಹರಿದರೆ ಎರಡು ಮೂರು ದಿನ ಕರೆಂಟ್ ಇಲ್ಲ. ಆಗ ರಾತ್ರಿಯಿಡೀ ನಾಲ್ಕು ಫ್ಯಾನು, ಹತ್ತು ಬಲ್ಬಿಗೆ 125 ಕೆವಿಎ ಜನರೇಟರ್ ಓಡುತ್ತಿತ್ತು. ಇಲಿ ಹೊಡೆಯಲು ಫಿರಂಗಿ ಇಟ್ಟ ಹಾಗೆ. 15 ಕೆವಿಎದು ತರಿಸಿದೆವು, ಡೀಸೆಲ್ ಬಿಲ್ ಇಳಿದದ್ದು ನೋಡಿ ಪ್ರಾಜೆಕ್ಟ್ ಮ್ಯಾನೇಜರ್ ಮೊದಲ ಸಲ ನನ್ನ ಶೀಟ್ ತೆರೆದು ನೋಡಿದರು.

ಕರೆಂಟಿನ ಲೆಕ್ಕದಲ್ಲಿ ಒಂದು ತಮಾಷೆ ಇದೆ. ಶರಾವತಿಯ ಜಲವಿದ್ಯುತ್ ಹೊತ್ತ ಲೈನುಗಳು ನಮ್ಮ ತಲೆ ಮೇಲೇ ಹೋಗುತ್ತವೆ. ಆದರೂ ಯೂನಿಟ್ಟಿಗೆ ಸುಮಾರು 0.7 ಕಿಲೋ ಕಾರ್ಬನ್ ಡೈಆಕ್ಸೈಡ್ ಅಂತಲೇ ಬರೆಯಬೇಕು. ಇಡೀ ದೇಶದ ಗ್ರಿಡ್ (ವಿದ್ಯುತ್ ಜಾಲ) ಒಂದೇ, ಅದರಲ್ಲಿ ಕಲ್ಲಿದ್ದಲೇ ಜಾಸ್ತಿ. ಶರಾವತಿಯ ಲಿಂಗನಮಕ್ಕಿ ಅಣೆಕಟ್ಟಿಗೆ ಮನೆ ಬಿಟ್ಟುಕೊಟ್ಟವರ ಊರಲ್ಲಿ ಕೂತು ಇದನ್ನು ತುಂಬುವಾಗ ಒಂಥರಾ ಅನಿಸುತ್ತದೆ.

ನಿಜವಾದ ಹೊರೆ ಇರುವುದು ಸಿಮೆಂಟಿನಲ್ಲಿ. ಸುಣ್ಣದ ಕಲ್ಲು ಸುಡುವಾಗ ಕಲ್ಲಿನೊಳಗಿಂದಲೇ ಕಾರ್ಬನ್ ಡೈಆಕ್ಸೈಡ್ ಹೊರಬೀಳುತ್ತದೆ, ಸೌದೆ ಬದಲಿಸಿದರೆ ಅದು ನಿಲ್ಲುವುದಿಲ್ಲ. ನಮ್ಮ ಕಾಂಕ್ರೀಟ್ ಮಿಕ್ಸಿನಲ್ಲಿ ಕ್ಯೂಬಿಕ್ ಮೀಟರಿಗೆ 380 ಕಿಲೋ ಸಿಮೆಂಟ್. ಅರ್ಧ ತೆಗೆದು ಬಳ್ಳಾರಿ ಕಡೆಯ ಉಕ್ಕಿನ ಕಾರ್ಖಾನೆಯ ಸ್ಲ್ಯಾಗ್ (ಕಬ್ಬಿಣ ಕರಗಿಸುವಾಗ ಉಳಿಯುವ ಕಿಟ್ಟ) ಪುಡಿ ಹಾಕಿದರೆ ಸುಮಾರು 150 ಕಿಲೋ ಕಾರ್ಬನ್ ಡೈಆಕ್ಸೈಡ್ ಉಳಿತಾಯ. ಅಂದರೆ 56 ಲೀಟರ್ ಡೀಸೆಲ್ ಉರಿಸದೆ ಉಳಿಸಿದ ಹಾಗೆ. ಆರು ಕ್ಯೂಬಿಕ್ ಮೀಟರಿನ ಒಂದು ಮಿಕ್ಸರ್ ಲೋಡಿಗೆ 336 ಲೀಟರ್! ಇಂಜಿನ್ ನಿಲ್ಲಿಸಿ ಅಂತ ಹಿಟಾಚಿ ಆಪರೇಟರ್ ಹಿಂದೆ ಕೊಡೆ ಹಿಡಿದು ಓಡಾಡಿದ್ದೆಲ್ಲ ಇದರ ಮುಂದೆ ಚಿಲ್ಲರೆ.

ಕನ್ಸಲ್ಟೆಂಟ್ ಒಪ್ಪಿಗೆ ಪಡೆದು ಫೌಂಡೇಶನ್ನಿಗೆ ಹಾಕಿದೆವು. ಏಳನೇ ದಿನದ ಕ್ಯೂಬ್ (ಗಟ್ಟಿತನ ನೋಡಲು ಅದೇ ಕಾಂಕ್ರೀಟಿನಿಂದ ಮಾಡಿಟ್ಟ ತುಂಡು) ಒಡೆದಾಗ ನನಗೆ ಹೊಟ್ಟೆಯಲ್ಲಿ ಕಲಸಿದ ಹಾಗಾಯಿತು. ಅಂದುಕೊಂಡದ್ದಕ್ಕಿಂತ ತುಂಬಾ ಕಡಿಮೆ. ಸ್ಲ್ಯಾಗ್ ನಿಧಾನಕ್ಕೆ ಗಟ್ಟಿಯಾಗುತ್ತದೆ, ಮಲೆನಾಡಿನ ಆಷಾಢದ ಚಳಿಗೆ ಇನ್ನೂ ನಿಧಾನ. ಗೊತ್ತಿದ್ದೂ ನಾನು ಶೆಡ್ಯೂಲಿನಲ್ಲಿ ದಿನ ಬಿಟ್ಟಿರಲಿಲ್ಲ, ತಪ್ಪು ನನ್ನದೇ. ಇಪ್ಪತ್ತೆಂಟನೇ ದಿನ ಕ್ಯೂಬ್ ಪಾಸಾಯಿತು. ಈಗ ಮೇಲಿನ ಪಿಯರ್‌ಗಳಿಗೆ, ಅಂದರೆ ಸೇತುವೆ ಕಂಬಗಳಿಗೆ, ಸ್ಲ್ಯಾಗ್ ಕಡಿಮೆ, ಮಣ್ಣಿನೊಳಗಿನ ಕೆಲಸಕ್ಕೆ ಜಾಸ್ತಿ.

ಬೇಜಾರಿನ ವಿಷಯವೂ ಒಂದಿದೆ. ನಮ್ಮ ಕಂಪನಿಯ ಗುರಿ ಸ್ಕೋಪ್ 1 ಮತ್ತು 2ಕ್ಕೆ ಮಾತ್ರ, ಅಂದರೆ ನಾವೇ ಸುಡುವ ಡೀಸೆಲ್ ಮತ್ತು ಕರೆಂಟ್. ಕೊಂಡು ತರುವ ಸಿಮೆಂಟು, ಕಬ್ಬಿಣ ಸ್ಕೋಪ್ 3. ಅದು ಗುರಿಯಲ್ಲಿಲ್ಲ. ನಮ್ಮ ಸ್ಲ್ಯಾಗ್ ಸಾಹಸಕ್ಕೆ ಶೀಟಿನಲ್ಲಿ ಒಂದು ಅಂಕಿಯೂ ಇಳಿಯಲಿಲ್ಲ. ಮರುವರ್ಷ ಬಾಡಿಗೆ ಟಿಪ್ಪರ್‌ಗಳ ಕರಾರು ಬದಲಾಯಿತು, ಅದುವರೆಗೆ ನಾವು ಹಾಕಿಸುತ್ತಿದ್ದ ಡೀಸೆಲ್ ಇನ್ನು ಟಿಪ್ಪರ್ ಮಾಲೀಕರದೇ. ಅದೇ ಟಿಪ್ಪರ್, ಅದೇ ಘಾಟಿ, ಅದೇ ಹೊಗೆ. ನಮ್ಮ ಸ್ಕೋಪ್ 1 ಮಾತ್ರ ಜರ್ರನೆ ಇಳಿಯಿತು. ಮೇಲಿನಿಂದ ಶಹಬ್ಬಾಸ್ ಮೇಲ್ ಬೇರೆ ಬಂತು.

ಆಗಿನಿಂದ ಶೀಟಿನ ಟೋಟಲ್ ಕೆಳಗೆ ನಾನೇ ಎರಡು ಸಾಲು ಸೇರಿಸಿ ಕಳಿಸುತ್ತಿದ್ದೇನೆ. ಒಂದು ಬಾಡಿಗೆ ಟಿಪ್ಪರ್ ಡೀಸೆಲ್, ಟ್ರಿಪ್ ಲೆಕ್ಕದ ಅಂದಾಜು. ಇನ್ನೊಂದು ಸಿಮೆಂಟ್. ಯಾಕೆ ಅಂತ ಇದುವರೆಗೆ ಯಾರೂ ಕೇಳಿಲ್ಲ. ಅಳಿಸಿಯೂ ಇಲ್ಲ.