ಓದಲು ಬಾರದ ಪುಸ್ತಕ

ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ 40 ರೂಪಾಯಿಗೆ ಸಿಕ್ಕಿದ್ದು ಹಳೇ ಸಿಲಬಸ್ಸಿನ ಒಂದು ಲೆಕ್ಕಶಾಸ್ತ್ರದ ಪುಸ್ತಕ. ಹಳೇ ಪುಸ್ತಕವೊಂದನ್ನು ಕತ್ತರಿಸಿ, ಅಂಟಿಸಿ, ಬಣ್ಣ ಬಳಿದು ಅದನ್ನೇ ಒಂದು ಕಲಾಕೃತಿ ಮಾಡಬೇಕಿತ್ತು. ಬೇಕಂತಲೇ ಇದನ್ನು ಆರಿಸಿದೆ. ಪುಸ್ತಕಕ್ಕೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಂಡು ಬೆಳೆದವಳು ನಾನು. ಕಥೆ, ಕವಿತೆಯ ಪುಸ್ತಕಕ್ಕೆ ಕಟರ್ ಹಾಕುವ ಧೈರ್ಯ ನನಗಿಲ್ಲ.

ಕೊಳ್ಳುವ ಮೊದಲು ಬೆನ್ನಿನ ಕಡೆಯಿಂದ ನೋಡಿದೆ. ದಾರದ ಹೊಲಿಗೆಯೇ ಬೇಕು. ಬರೀ ಗೋಂದಿನ ಬೈಂಡಿಂಗ್ ಆದರೆ ಹತ್ತು ಸಲ ಬಿಡಿಸುವಷ್ಟರಲ್ಲಿ ಹಾಳೆಗಳು ಉದುರುತ್ತವೆ. ಬಣ್ಣ, ಅಂಟು ಸೇರಿದರೆ ಪುಸ್ತಕ ಉಬ್ಬುತ್ತದೆ ಅಲ್ವಾ, ಅದಕ್ಕೆ ಮೊದಲೇ ನಡುನಡುವೆ ಹಾಳೆ ಕತ್ತರಿಸಿ ತೆಗೆದೆ. ಪೂರ್ತಿ ಕೀಳಬಾರದು. ಒಂದು ಹಾಳೆ ಕಿತ್ತರೆ ಹೊಲಿಗೆಯ ಆಚೆಗಿರುವ ಅದರ ಜೋಡಿ ಹಾಳೆಯೂ ಸಡಿಲವಾಗುತ್ತದೆ. ಬುಡದಲ್ಲಿ ಅರ್ಧ ಇಂಚು ಬಿಟ್ಟೆ.

ಆಮೇಲೆ ನಾಲ್ಕು ನಾಲ್ಕು ಹಾಳೆ ಅಂಟಿಸಿ ಗಟ್ಟಿ ಮಾಡಿದೆ. ಇಲ್ಲಿ ಎಡವಿದೆ. ಫೆವಿಕಾಲ್‌ಗೆ ನೀರು ಜಾಸ್ತಿ ಆಯ್ತು, ಅದೂ ಜುಲೈ ತಿಂಗಳ ಮಳೆಯಲ್ಲಿ. ಎಲ್ಲಾ ಹಪ್ಪಳದ ಹಾಗೆ ಸುರುಟಿಕೊಂಡಿತು, ವಾರ ಕಳೆದರೂ ಒಣಗಲಿಲ್ಲ, ಬೂಷ್ಟಿನ ವಾಸನೆ ಬೇರೆ. ಆ ಭಾಗವನ್ನೇ ಕತ್ತರಿಸಿ ಬಿಸಾಡಿದೆ. ಈಗ ಅಂಟನ್ನು ದಪ್ಪಗೇ ಇಟ್ಟು, ಹಳೇ ಎಟಿಎಂ ಕಾರ್ಡಿನಿಂದ ತೆಳ್ಳಗೆ ಎಳೆಯುತ್ತೇನೆ. ಎರಡೂ ಕಡೆ ಬಟರ್ ಪೇಪರ್, ಮೇಲೆ ರುಬ್ಬುವ ಗುಂಡು.

ನಿಜವಾದ ಕಷ್ಟ ಅಕ್ಷರದ್ದು. ಇಂಗ್ಲೆಂಡಿನ ಕಲಾವಿದ ಟಾಮ್ ಫಿಲಿಪ್ಸ್ 1966ರಲ್ಲಿ ಹಳೇ ಕಾದಂಬರಿಯೊಂದನ್ನು ಮೂರು ಪೆನ್ಸಿಗೆ ಕೊಂಡು, ಪುಟ ಪುಟಕ್ಕೂ ಬಣ್ಣ ಬಳಿದು, ತಮಗೆ ಬೇಕಾದ ಪದಗಳನ್ನಷ್ಟೇ ಉಳಿಸಿದರು. ಅದೊಂದರ ಹಿಂದೆಯೇ ಸುಮಾರು ಐವತ್ತು ವರ್ಷ ಬಿದ್ದಿದ್ದರು. ನನಗೆ ಬೇಕಿದ್ದು ಅದಕ್ಕೆ ಉಲ್ಟಾ. ಪದ ಕಂಡರೆ ಕಣ್ಣು ಸುಮ್ನೆ ಓದಿಬಿಡುತ್ತದೆ. ಓದಿದ ಮೇಲೆ ಅಲ್ಲಿ ಆಕಾರ ಕಾಣುವುದಿಲ್ಲ.

ಪುಸ್ತಕವನ್ನು ತಲೆಕೆಳಗು ಮಾಡಿದೆ. ತಲಕಟ್ಟುಗಳೆಲ್ಲ ಕೆಳಗೆ ಬಂದು ಕೊಕ್ಕೆಗಳ ಸಾಲಾದವು. ಒತ್ತಕ್ಷರಗಳು ತಂತಿಯ ಮೇಲೆ ಹಕ್ಕಿ ಕೂತ ಹಾಗೆ ಮೇಲೆ ಕೂತವು. ಬಿಳಿ ಜೆಸೊ, ಅಂದರೆ ಬಣ್ಣಕ್ಕೆ ಮೊದಲು ಹಚ್ಚುವ ದಪ್ಪ ಲೇಪ, ಬಳಿದು, ಒಣಗಿದ ಮೇಲೆ 220 ನಂಬರಿನ ಉಪ್ಪುಕಾಗದದಿಂದ ತಿಕ್ಕಿದೆ. ಮಂಜಿನೊಳಗಿಂದ ಬಂದ ಹಾಗೆ ಒಂದೊಂದು ಸುಳಿ, ಒಂದೊಂದು ಕೊಂಬು ಎದ್ದು ಬಂತು. ಎಲ್ಲಿ ನಿಲ್ಲಿಸಬೇಕು ಅನ್ನೋದು ಕೈಗೆ ಗೊತ್ತಾಗಲು ಮೂವತ್ತು ಪುಟ ಹಾಳಾದವು. ಜಮಾ-ಖರ್ಚಿನ ಗೆರೆಗಳನ್ನು ಮಾತ್ರ ಮುಟ್ಟಲಿಲ್ಲ. ಆ ಚೌಕಗಳ ಮೇಲೆ ತೆಳ್ಳಗೆ ಕಾವಿ ಬಣ್ಣ ಹರಿಸಿದರೆ ಸಾಕಾಯಿತು.

ಒಂದು ಪುಟ ಇನ್ನೂ ಕಾಡುತ್ತಿದೆ. ಮೂಲೆಯಲ್ಲಿ 'ಬಾಕಿ' ಅಂತಿದೆ. ತಲೆಕೆಳಗಿದ್ದರೂ ಓದಲು ಬರುತ್ತದೆ, ತಿಕ್ಕಿದರೂ ಬರುತ್ತದೆ. ಈ ಭಾನುವಾರ ಆ ಪದವನ್ನೇ ಕತ್ತರಿಸಿ ತೆಗೆದು ಅಲ್ಲೊಂದು ಕಿಟಕಿ ಕೊರೆಯಬೇಕು.