ಹೊರದೇಶದ ದೇಣಿಗೆ ಬಂದರೆ ಲೆಕ್ಕ ಹೀಗಿಡಿ

"ಅಕ್ಕಾ, ಅಮೆರಿಕದಿಂದ ಒಬ್ಬರು 5 ಲಕ್ಷ ಕಳಿಸ್ತಾರಂತೆ. ಟ್ರಸ್ಟಿನ ಅಕೌಂಟ್ ನಂಬರ್ ವಾಟ್ಸಾಪ್ ಮಾಡಿಬಿಡ್ಲಾ?"

ಹೋದ ತಿಂಗಳು ಚಳ್ಳಕೆರೆ ಕಡೆಯ ಹುಡುಗನೊಬ್ಬ ಫೋನ್ ಮಾಡಿ ಕೇಳಿದ. ಊರಲ್ಲಿ ಮಕ್ಕಳಿಗೆ ಸಂಜೆ ಪಾಠ ಹೇಳುವ ಸಣ್ಣ ಟ್ರಸ್ಟ್ ಅವನದು. ನಾನು ಮಂಡಿಯಲ್ಲಿ ಮೆಕ್ಕೆಜೋಳದ ತೂಕದ ಚೀಟಿ ಕೂಡುತ್ತಾ ಕೂತಿದ್ದೆ. "ಬೇಡಪ್ಪಾ, ಇರು, ಸಂಜೆ ಮಾತಾಡೋಣ" ಅಂದೆ. ಸಂಜೆ ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಾನು ವಕೀಲಳಲ್ಲ, ಸಿಎ ಕೂಡ ಅಲ್ಲ. ದಾವಣಗೆರೆಯಲ್ಲಿ ಹಗಲು ಮಂಡಿಯ ಲೆಕ್ಕ, ಸಂಜೆ ಮೂರು ಟ್ರಸ್ಟ್‌ಗಳ ಲೆಕ್ಕ ಬರೆಯುವವಳು.

ಮೊದಲು ಕೇಳಬೇಕಾದದ್ದು ಎಷ್ಟು ದುಡ್ಡು ಅಂತ ಅಲ್ಲ. ಕಳಿಸುವವರ ಪಾಸ್‌ಪೋರ್ಟ್ ಯಾವ ದೇಶದ್ದು ಅಂತ. ನಮ್ಮ ಪಿ.ಜೆ. ಬಡಾವಣೆಯ ಹುಡುಗ ಟೆಕ್ಸಾಸ್‌ನಲ್ಲಿ ಕೆಲಸ ಮಾಡುತ್ತಾ ಇನ್ನೂ ಭಾರತದ ಪಾಸ್‌ಪೋರ್ಟೇ ಇಟ್ಟುಕೊಂಡಿದ್ದರೆ, ತನ್ನ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದ ಹಣ ವಿದೇಶಿ ದೇಣಿಗೆ ಅಲ್ಲ. ಅದೇ ಹುಡುಗ ಅಮೆರಿಕದ ಪೌರತ್ವ ತಗೊಂಡಿದ್ದರೆ, ಕೈಯಲ್ಲಿ ಒಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವುದು) ಇದ್ದರೂ, ಅದು ವಿದೇಶಿ ದೇಣಿಗೆ. ವರ್ಷಕ್ಕೊಮ್ಮೆ ಬಂದು ಮಿರ್ಚಿ ಮಂಡಕ್ಕಿ ತಿಂದು ಹೋಗುವವನೇ ಆದರೂ ಕಾನೂನಿನ ಕಣ್ಣಿಗೆ ಹೊರಗಿನವನು. ಹಾಗಾಗಿ ಪಾಸ್‌ಪೋರ್ಟಿನ ಮೊದಲ ಪುಟದ ನಕಲು ತರಿಸಿ ಫೈಲಿಗೆ ಹಾಕಿ. ಕೇಳಲು ಸಂಕೋಚ ಆಗುತ್ತದೆ, ಆದರೂ ಕೇಳಿ.

ವಿದೇಶಿ ದೇಣಿಗೆ ಅಂತಾದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ, ಅಂದರೆ ಎಫ್‌ಸಿಆರ್‌ಎ ನೋಂದಣಿ ಬೇಕು. ಈ ಕಾನೂನು ಮೊದಲು ಬಂದದ್ದು 1976ರಲ್ಲಿ, ತುರ್ತು ಪರಿಸ್ಥಿತಿಯ ಕಾಲದಲ್ಲಿ. ಈಗ ಜಾರಿಯಲ್ಲಿರುವುದು 2010ರದ್ದು, 2020ರಲ್ಲಿ ಅದನ್ನು ಇನ್ನೂ ಬಿಗಿ ಮಾಡಿದರು. ನೋಂದಣಿಗೆ ಸಂಸ್ಥೆ ಶುರುವಾಗಿ 3 ವರ್ಷ ಆಗಿರಬೇಕು, ಹಿಂದಿನ 3 ಹಣಕಾಸು ವರ್ಷದಲ್ಲಿ ತನ್ನ ಮುಖ್ಯ ಕೆಲಸಕ್ಕೆ 15 ಲಕ್ಷವಾದರೂ ಖರ್ಚು ಮಾಡಿರಬೇಕು. ಅರ್ಜಿ ಎಫ್‌ಸಿ-3ಎ. ಅಷ್ಟು ವಯಸ್ಸಾಗದ ಸಂಸ್ಥೆಗೆ ಇನ್ನೊಂದು ದಾರಿ ಇದೆ, ಪೂರ್ವಾನುಮತಿ. ಇಂಥ ದಾನಿ, ಇಷ್ಟು ಹಣ, ಇಂಥ ಕೆಲಸಕ್ಕೆ ಅಂತ ದಾನಿಯ ಒಪ್ಪಿಗೆ ಪತ್ರ ಇಟ್ಟು ಎಫ್‌ಸಿ-3ಬಿ ಹಾಕುವುದು. ಎರಡೂ ಕೇಂದ್ರ ಗೃಹ ಸಚಿವಾಲಯದ ಪೋರ್ಟಲ್‌ನಲ್ಲೇ. ಪದಾಧಿಕಾರಿಗಳ ಆಧಾರ್ ಬೇಕು.

ಹಣ ನೇರ ದಾವಣಗೆರೆಗೆ ಬರುವುದಿಲ್ಲ. ದೆಹಲಿಯ ಸಂಸದ್ ಮಾರ್ಗದ ಎಸ್‌ಬಿಐ ಮುಖ್ಯ ಶಾಖೆಯಲ್ಲಿ ತೆರೆದ ಖಾತೆಗೇ ಮೊದಲು ಬೀಳಬೇಕು. 2021ರ ಏಪ್ರಿಲ್ 1ರಿಂದ ಇದೇ ನಿಯಮ. ಖಾತೆ ತೆರೆಯಲು ದೆಹಲಿಗೆ ರೈಲು ಹತ್ತಬೇಕಿಲ್ಲ, ಹತ್ತಿರದ ಎಸ್‌ಬಿಐ ಶಾಖೆಯಲ್ಲೇ ಕಾಗದ ಕೊಡಬಹುದು. ಅಲ್ಲಿಂದ ನಿಮ್ಮ ಊರಿನ ಬ್ಯಾಂಕಿನಲ್ಲಿ ಖರ್ಚಿಗೆಂದು ತೆರೆದ ಬೇರೆ ಖಾತೆಗೆ ವರ್ಗ ಮಾಡಿಕೊಳ್ಳಬಹುದು.

ಇಲ್ಲೇ ನೋಡಿ, ಜಾಸ್ತಿ ಜನ ಎಡವುವುದು. ಆ ಖಾತೆಗೆ ಊರ ದುಡ್ಡು ಒಂದು ರೂಪಾಯಿಯೂ ಬೀಳಬಾರದು. ನಾನು ಲೆಕ್ಕ ಬರೆಯುವ ಟ್ರಸ್ಟ್ ಒಂದರಲ್ಲಿ ಗಣೇಶನ ಹಬ್ಬದ ಹೊತ್ತಿಗೆ ಹಳೇ ವಿದ್ಯಾರ್ಥಿಗಳು ಕೂಡಿಸಿದ 4,200 ರೂಪಾಯಿಯನ್ನು ಖಜಾಂಚಿ ಯಾವ ಪಾಸ್‌ಬುಕ್ ಕೈಗೆ ಸಿಕ್ಕಿತೋ ಅದಕ್ಕೇ ಕಟ್ಟಿ ಬಂದರು. ಆ ವರ್ಷ ಆಡಿಟರ್ ಮುಂದೆ ವಿವರಣೆ ಬರೆದು ಬರೆದು ನನ್ನ ಕೈ ಬಿದ್ದುಹೋಯಿತು. ಆಮೇಲೆ ವಿದೇಶಿ ಖಾತೆಯ ಪಾಸ್‌ಬುಕ್, ಚೆಕ್‌ಬುಕ್‌ಗೆ ಕೆಂಪು ಬಟ್ಟೆಯ ಚೀಲ ಹೊಲಿಸಿದೆ. ನಗಬೇಡಿ, ಅದಾದ ಮೇಲೆ ತಪ್ಪಾಗಿಲ್ಲ. ಇನ್ನೊಂದು ಮಾತು: ಆ ಹಣದ ಮೇಲೆ ಬಂದ ಬಡ್ಡಿಯೂ ವಿದೇಶಿ ದೇಣಿಗೆಯೇ.

"ಇಷ್ಟೆಲ್ಲಾ ಯಾಕಕ್ಕಾ? ನಾವೇನು ಭಯೋತ್ಪಾದಕರಾ?" ಅಂತ ಹುಡುಗ ಕೇಳಿದ. ಅಲ್ಲ. ಆದರೆ ದಾನದ ಹೆಸರಲ್ಲಿ ಹೊರಟ ಹಣ ದಾರಿಯಲ್ಲಿ ಕೈ ಬದಲಾಗಿ ಬಂದೂಕಿಗೆ ಹೋದದ್ದು ಜಗತ್ತು ಕಂಡಿದೆ. 2001ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಮೇಲೆ ದಾಳಿ ಆದ ಕೆಲವೇ ದಿನಕ್ಕೆ ವಿಶ್ವಸಂಸ್ಥೆಯ ಭದ್ರತಾ ಮಂಡಳಿ 1373ನೇ ನಿರ್ಣಯ ಮಾಡಿತು. ಭಯೋತ್ಪಾದನೆಗೆ ಹಣ ಒದಗಿಸುವುದನ್ನು ಎಲ್ಲ ದೇಶಗಳೂ ಅಪರಾಧವೆಂದು ಕಾನೂನು ಮಾಡಬೇಕು, ಅಂಥವರ ಹಣ ತಡೆಹಿಡಿಯಬೇಕು ಅಂತ. ನಮ್ಮಲ್ಲಿ ಆ ಕೆಲಸವನ್ನು ಯುಎಪಿಎ, ಅಂದರೆ ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆ ಮಾಡುತ್ತದೆ. ಅದರ 17ನೇ ಸೆಕ್ಷನ್ ಪ್ರಕಾರ, ಗೊತ್ತಿದ್ದೂ ಇಂಥದ್ದಕ್ಕೆ ಹಣ ಕೂಡಿಸಿದರೆ ಕಡಿಮೆ ಅಂದರೂ 5 ವರ್ಷ, ಜೀವಾವಧಿವರೆಗೂ ಶಿಕ್ಷೆ.

ಅಮೆರಿಕದ ಕಾನೂನು ಇನ್ನೂ ಒಂದು ಕೈ ಮೇಲೆ. ಅಲ್ಲಿ ನಿಷೇಧಿತ ಸಂಘಟನೆಗೆ ಹಣ ಕೊಡುವುದಷ್ಟೇ ಅಲ್ಲ, ತರಬೇತಿ, ಸಲಹೆ ಕೊಡುವುದೂ ನೆರವೇ. ಎಲ್‌ಟಿಟಿಇಗೆ ಮತ್ತು ಟರ್ಕಿಯ ಕುರ್ದ್ ಸಂಘಟನೆಗೆ ಜಗಳವನ್ನು ಶಾಂತಿಯಿಂದ ಬಗೆಹರಿಸುವ ಪಾಠ ಹೇಳುತ್ತೇವೆ ಎಂದು ಹೊರಟವರಿಗೆ, ಅದೂ ನೆರವಾಗುತ್ತದೆ ಅಂತ 2010ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ಅದಕ್ಕೇ ಅಲ್ಲಿಯ ದಾನಿ ಸಂಸ್ಥೆಗಳು ಹಣ ಕಳಿಸುವ ಮುಂಚೆ ಒಂದು ಪತ್ರಕ್ಕೆ ಸಹಿ ಕೇಳುತ್ತವೆ: ಯಾವ ಭಯೋತ್ಪಾದಕ ಸಂಘಟನೆಗೂ ನೆರವು ಕೊಟ್ಟಿಲ್ಲ, ಕೊಡುವುದಿಲ್ಲ ಅಂತ. ಸುಮ್ನೆ ಸಹಿ ಹಾಕಿಬಿಡಬೇಡಿ. ಸಹಿ ಹಾಕಿದ ಮೇಲೆ ನೀವು ಹಣ ಕೊಡುವ ಪ್ರತಿಯೊಬ್ಬರ ಹೆಸರನ್ನೂ ನೋಡಿದ್ದೀರಿ ಎಂದೇ ಅರ್ಥ.

ಹೆಸರು ನೋಡುವುದು ಹೇಗೆ? ವಿಶ್ವಸಂಸ್ಥೆಯ ಪಟ್ಟಿ, ಅಮೆರಿಕದ ಖಜಾನೆ ಇಲಾಖೆಯ ಪಟ್ಟಿ, ನಮ್ಮ ಗೃಹ ಸಚಿವಾಲಯದ ಪಟ್ಟಿ, ಮೂರೂ ನೆಟ್‌ನಲ್ಲಿ ಪುಕ್ಕಟೆ ಸಿಗುತ್ತವೆ. ದಾನಿ, ಟ್ರಸ್ಟಿಗಳು, ಸಂಬಳದವರು, ಸಾಮಾನು ಕೊಡುವವರು, ಎಲ್ಲರ ಹೆಸರನ್ನೂ ಹಾಕಿ ನೋಡಿ. ತೆರೆ ಮೇಲೆ ಬಂದದ್ದನ್ನು ದಿನಾಂಕದ ಸಮೇತ ಪ್ರಿಂಟ್ ತೆಗೆದಿಡಿ. ಹೆಸರು ಹೊಂದಿತು ಅಂತ ಗಾಬರಿ ಬೀಳಬೇಡಿ. ನಮಗೆ ಕೊಳವೆಬಾವಿಯ ಪೈಪು ಕೊಡುವ ಅಂಗಡಿಯವರ ಹೆಸರು ಹೀಗೇ ಹೊಂದಿತ್ತು. ಹುಟ್ಟಿದ ದಿನ, ತಂದೆ ಹೆಸರು, ಊರು ಕೇಳಬೇಕಾಯಿತು. "ಏನಮ್ಮಾ, ಜಾತಕ ನೋಡಿಸ್ತೀಯಾ?" ಅಂದರು. ಇಪ್ಪತ್ತು ವರ್ಷದ ಪರಿಚಯ, ನನಗೇ ನಾಚಿಕೆ ಆಯಿತು. ನೋಡಿದರೆ ಪಟ್ಟಿಯವನು ಬೇರೆ ದೇಶದವನು, ವಯಸ್ಸಿಗೂ ವಯಸ್ಸಿಗೂ ಸಂಬಂಧವೇ ಇಲ್ಲ. ಅವತ್ತಿನಿಂದ ಒಂದು ರೂಢಿ ಮಾಡಿಕೊಂಡೆ. ಒಬ್ಬರನ್ನು ನೋಡಿದರೆ ಎಲ್ಲರನ್ನೂ ನೋಡುವುದು. ಶಾಮಿಯಾನ ಹಾಕುವ ನಮ್ಮ ಸೋದರಮಾವನ ಹೆಸರೂ ಆ ಪ್ರಿಂಟ್‌ನಲ್ಲಿದೆ.

ಬಂದ ಹಣವನ್ನು ಇನ್ನೊಂದು ಸಂಸ್ಥೆಗೆ ಹಂಚುವ ಹಾಗಿಲ್ಲ. 2020ಕ್ಕೆ ಮುಂಚೆ ನೋಂದಣಿ ಇರುವ ದೊಡ್ಡ ಸಂಸ್ಥೆ ಸಣ್ಣದಕ್ಕೆ ಕೊಡಬಹುದಿತ್ತು, ಜಗಳೂರಿನ ಹಳ್ಳಿಯ ಗುಂಪಿಗೂ ಹಾಗೆ ಒಂದಿಷ್ಟು ಸಿಗುತ್ತಿತ್ತು. ಈಗ ಪಕ್ಕದ ಸಂಸ್ಥೆಗೂ ನೋಂದಣಿ ಇದೆ ಅಂದರೂ ಕೊಡುವಂತಿಲ್ಲ. ಇದು ನನಗೆ ಸರಿ ಕಾಣುವುದಿಲ್ಲ. ಹಣಕಾಸಿನ ಅಕ್ರಮ ತಡೆಯಲು ದೇಶಗಳೇ ಸೇರಿ ಕಟ್ಟಿಕೊಂಡ ಎಫ್‌ಎಟಿಎಫ್ ಕೂಡ, ಅಪಾಯ ಇರುವ ಕಡೆ ಮಾತ್ರ ಬಿಗಿ ಮಾಡಿ, ಸೇವಾ ಸಂಸ್ಥೆಗಳ ಒಳ್ಳೆಯ ಕೆಲಸಕ್ಕೆ ಅಡ್ಡಿ ಮಾಡಬೇಡಿ ಅಂತ 2023ರಲ್ಲಿ ತನ್ನ 8ನೇ ಶಿಫಾರಸನ್ನು ತಿದ್ದಿ ಬರೆಯಿತು. ನನಗೆ ಸರಿ ಕಾಣಲಿ ಬಿಡಲಿ, ಕಾನೂನು ಇರುವವರೆಗೆ ನಾನಂತೂ ಆ ಚೆಕ್ ಬರೆಯಲ್ಲ.

ಕಚೇರಿ ಬಾಡಿಗೆ, ಕಚೇರಿ ಸಂಬಳದಂಥ ಆಡಳಿತದ ಖರ್ಚು ಆ ವರ್ಷ ಬಂದ ವಿದೇಶಿ ದೇಣಿಗೆಯ 20 ಶೇಕಡಾ ದಾಟಬಾರದು, ಮೊದಲು 50 ಇತ್ತು. ಪ್ರತಿ ಖರ್ಚಿಗೂ ಬಿಲ್ ಇರಲಿ, ಬಿಲ್ಲಿನ ಹಿಂದೆ ಯಾವ ಊರು, ಯಾವ ಕೆಲಸ ಅಂತ ಪೆನ್ನಿನಲ್ಲಿ ಬರೆಯಿರಿ. ಮಾರ್ಚ್ ಕೊನೆಗೆ ಹಣಕಾಸು ವರ್ಷ ಮುಗಿದ ಮೇಲೆ ಡಿಸೆಂಬರ್ 31ರೊಳಗೆ ಸಿಎ ಸಹಿ ಆದ ಲೆಕ್ಕದ ಜೊತೆ ವಾರ್ಷಿಕ ವರದಿಯ ನಮೂನೆ ಎಫ್‌ಸಿ-4 ಹಾಕಬೇಕು. ಆ ವರ್ಷ ಒಂದು ರೂಪಾಯಿ ಬರದಿದ್ದರೂ ಸೊನ್ನೆ ಅಂತ ತೋರಿಸಿ ಹಾಕಬೇಕು. ನೋಂದಣಿ 5 ವರ್ಷಕ್ಕೆ. ನವೀಕರಣಕ್ಕೆ ಕೊನೆಯ ವಾರ ಓಡಬೇಡಿ, ಅವಧಿ ಮುಗಿಯಲು ಇನ್ನೂ ಐದಾರು ತಿಂಗಳು ಇರುವಾಗಲೇ ಎಫ್‌ಸಿ-3ಸಿ ಹಾಕಿಬಿಡಿ.

ಮರುದಿನ ಹುಡುಗ ದಾನಿಯನ್ನು ಕೇಳಿದ. ಅವರು ಹೋದ ವರ್ಷವಷ್ಟೇ ಅಮೆರಿಕದ ಪೌರತ್ವ ತಗೊಂಡಿದ್ದಾರಂತೆ. ಇವನ ಟ್ರಸ್ಟಿಗೆ ಇನ್ನೂ ಎರಡು ವರ್ಷ ತುಂಬಿಲ್ಲ. ಹಾಗಾಗಿ ಈಗ ಎಫ್‌ಸಿ-3ಬಿಗೆ ಕಾಗದ ಕೂಡಿಸುತ್ತಿದ್ದೇವೆ. ಖಜಾಂಚಿಯ ಹೆಸರು ಆಧಾರ್‌ನಲ್ಲಿ ಒಂದು ಥರ, ಟ್ರಸ್ಟ್ ಡೀಡ್‌ನಲ್ಲಿ ಇನ್ನೊಂದು ಥರ ಇದೆ. ಮೊದಲು ಅದನ್ನು ಸರಿ ಮಾಡಿಸಿಕೊಂಡು ಬಾ ಅಂತ ಕಳಿಸಿದ್ದೇನೆ.