ಇಳಿಜಾರು ಅಂಗಳಕ್ಕೆ ಜಲ್ಲಿ ಹಾಸಿದ್ದು

ಚಿತ್ರದುರ್ಗದಲ್ಲಿ ಜೋಗಿಮಟ್ಟಿಯ ಕಡೆಗಿರುವ ನಮ್ಮ ಮನೆ ದಿಣ್ಣೆಯ ಮೇಲಿದೆ. ಜಗಲಿಯಿಂದ ಗೇಟಿನವರೆಗೆ 20 ಅಡಿ ಉದ್ದ, 12 ಅಡಿ ಅಗಲದ ಜಾಗ ಮೂರು ಅಡಿಯಷ್ಟು ಇಳಿಯುತ್ತದೆ. ಬೇಸಿಗೆಯಲ್ಲಿ ಅಲ್ಲಿ ಹುಲ್ಲು ಉಳಿಯದು, ಮಳೆಗಾಲದಲ್ಲಿ ಮಣ್ಣು ಉಳಿಯದು.

ಮೊದಲ ಸಲ ಅಂಗಡಿಯಲ್ಲಿ ಕಂಡ ಬಿಳಿಯ ಉರುಟುಕಲ್ಲಿಗೆ ಮನಸೋತೆ. ಕಳೆ ಬಾರದಿರಲೆಂದು ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ ಅದರ ಮೇಲೆ ಸುರಿದೆ. ಒಂದೇ ಜೋರು ಮಳೆಗೆ ಕಲ್ಲೆಲ್ಲ ಗೇಟಿನ ಬಳಿ ರಾಶಿಯಾಗಿತ್ತು. ಇಂಗಲು ದಾರಿಯಿಲ್ಲದ ನೀರು ಹಾಳೆಯ ಮೇಲೆಯೇ ಹರಿದು, ನುಣುಪು ಕಲ್ಲುಗಳನ್ನು ಉರುಳಿಸಿಕೊಂಡು ಹೋಗಿತ್ತು. ಆ ದಿನ ನನಗೆ ನಿಜಕ್ಕೂ ಅಳು ಬಂದಿತ್ತು.

ಬಂದು ನೋಡಿದ ಹಿರಿಯ ಮೇಸ್ತ್ರಿ, “ಉರುಟುಕಲ್ಲು ಇಳಿಜಾರಿನಲ್ಲಿ ನಿಲ್ಲುವುದಿಲ್ಲಮ್ಮ. ಕ್ರಷರ್ ಜಲ್ಲಿ ತರಿಸಿ, ಮೂಲೆಯಿರುವ ಕಲ್ಲು ಒಂದನ್ನೊಂದು ಹಿಡಿದುಕೊಳ್ಳುತ್ತದೆ. ಅದಕ್ಕೂ ಮೊದಲು ನೀರನ್ನು ನಿಧಾನ ಮಾಡಿ” ಎಂದರು. ಕೋಟೆಯಲ್ಲಿ ಗೋಪಾಲಸ್ವಾಮಿ ಹೊಂಡದ ಹೆಚ್ಚುವರಿ ನೀರು ಅಕ್ಕ-ತಂಗಿ ಹೊಂಡಕ್ಕೆ ಇಳಿಯುವುದನ್ನು ಚಿಕ್ಕಂದಿನಿಂದ ನೋಡಿದವಳು ನಾನು. ತಡೆತಡೆದು ಇಳಿಸಿದರೆ ನೀರು ಮಣ್ಣನ್ನು ಕೊರೆಯುವುದಿಲ್ಲ ಎಂಬುದು ನನ್ನ ಅಂಗಳಕ್ಕೂ ಅನ್ವಯಿಸುತ್ತದೆಂದು ಆಗ ಹೊಳೆಯಿತು.

ಹಾಳೆ ಕಿತ್ತು ಹಾಕಿದೆವು. ಟ್ಯೂಬ್‌ನಲ್ಲಿ ನೀರು ತುಂಬಿ ಮಟ್ಟ ಹಿಡಿದು, ಐದೈದು ಅಡಿಗೆ ಒಂದರಂತೆ ಇಳಿಜಾರಿಗೆ ಅಡ್ಡಲಾಗಿ ನಾಲ್ಕು ಸಾಲು ಸೈಜುಗಲ್ಲು ಹೂಳಿದೆವು. ಒಂದು ಅಡಿ ಎತ್ತರದ ಕಲ್ಲಿನಲ್ಲಿ ಅರ್ಧ ಅಡಿ ನೆಲದೊಳಗೆ, ಅರ್ಧ ಅಡಿ ಮೇಲೆ. ಇದರಿಂದ ಎರಡು ಅಡಿ ಇಳಿತವನ್ನು ಈ ಮೆಟ್ಟಿಲುಗಳೇ ನುಂಗಿದವು. ಉಳಿದ ಒಂದು ಅಡಿ ಇಡೀ 20 ಅಡಿಗೆ ಹಂಚಿಹೋಯಿತು. ಕಲ್ಲುಗಳ ಸಂದಿಗೆ ಗಾರೆ ತುಂಬಲು ನಾನು ಬಿಡಲಿಲ್ಲ. ಸಂದಿ ಮುಚ್ಚಿದರೆ ಹಿಂದೆ ನಿಂತ ನೀರು ಸಾಲನ್ನೇ ತಳ್ಳುತ್ತದೆ. ತಾರಸಿಯಿಂದ ಬೀಳುವ ನೀರನ್ನು ಪಕ್ಕದ ಚರಂಡಿಗೆ ತಿರುಗಿಸಿದೆವು. ಇಡೀ ಕೆಲಸದಲ್ಲಿ ಅತ್ಯಂತ ಅಗ್ಗದ್ದೂ ಮುಖ್ಯವಾದದ್ದೂ ಇದೇ ಎಂದು ಈಗ ಅನ್ನಿಸುತ್ತದೆ.

ಮಣ್ಣಿಗೆ ನೀರು ಚಿಮುಕಿಸಿ ದಮ್ಮಸು ಹೊಡೆದ ಮೇಲೆ ನೀರು ಇಳಿಯಬಲ್ಲ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿದೆವು. ಹೆಂಚು ಹೊದಿಸುವ ಹಾಗೆ ಮೇಲಿನ ತುಂಡಿನ ಅಂಚು ಕೆಳಗಿನದರ ಮೇಲೆ ಒಂದು ಅಡಿ ಬರಬೇಕು. ತಿರುವು ಮುರುವಾದರೆ ನೀರು ಬಟ್ಟೆಯಡಿಗೆ ನುಗ್ಗುತ್ತದೆ. ಕಬ್ಬಿಣದ ಕಂಬಿಯನ್ನು ಬಗ್ಗಿಸಿ ಗೂಟ ಹೊಡೆದೆವು.

ಎರಡು ಅಂಗುಲ ದಪ್ಪಕ್ಕೆ 240 ಚದರ ಅಡಿಗೆ 40 ಘನ ಅಡಿ ಜಲ್ಲಿ ಬೇಕು. ದಮ್ಮಸಿಗೆ ಕುಗ್ಗುವುದೆಂದು 45 ತರಿಸಿದೆ. 20 ಎಂ.ಎಂ. ಬೂದುಬಣ್ಣದ ಜಲ್ಲಿ. ತೊಳೆದು, ಕೆಳಗಿನ ಮೆಟ್ಟಿಲಿನಿಂದ ಮೇಲಕ್ಕೆ ತುಂಬಿಕೊಂಡು ಬಂದೆವು. ಪ್ರತಿ ಸಾಲುಗಲ್ಲಿನ ತಲೆಗಿಂತ ಒಂದು ಅಂಗುಲ ಕೆಳಗೇ ಜಲ್ಲಿಯನ್ನು ನಿಲ್ಲಿಸಿದ್ದರಿಂದ ಅದು ಅಂಚು ದಾಟುವುದಿಲ್ಲ.

ಹೊಳಪಿನಲ್ಲಿ ಇದು ಬಿಳಿಕಲ್ಲಿಗೆ ಸಮನಲ್ಲ, ಒಪ್ಪುತ್ತೇನೆ. ಆದರೆ ಒದ್ದೆಯಾದಾಗ ಎದುರಿನ ಬೆಟ್ಟದ ಬಂಡೆಯ ಬಣ್ಣವೇ ಅಂಗಳಕ್ಕೂ ಬರುತ್ತದೆ, ಅದು ನನಗೆ ಬಹಳ ಇಷ್ಟ. ಬಿಳಿಕಲ್ಲುಗಳನ್ನು ತುಳಸಿಕಟ್ಟೆಯ ಸುತ್ತಲಿನ ಸಮತಟ್ಟು ಜಾಗಕ್ಕೆ ಹಾಕಿದ್ದೇನೆ. ಬೇವಿನೆಲೆಯನ್ನು ಮಾತ್ರ ವಾರಕ್ಕೊಮ್ಮೆ ಗುಡಿಸಲೇಬೇಕು. ಅದು ಕೊಳೆತು ಮಣ್ಣಾದರೆ ಬಟ್ಟೆಯ ಮೇಲೆಯೇ ಕಳೆ ಹುಟ್ಟುತ್ತದೆ. ಹಿಂಗಾರಿನ ಮಳೆ ಸುರಿದ ಮರುದಿನ ಹೋಗಿ ನೋಡಿದೆ. ಗೇಟಿನ ಬಳಿ ಬಿದ್ದಿದ್ದ ಜಲ್ಲಿ ಒಂದು ಹಿಡಿಯಷ್ಟೂ ಇರಲಿಲ್ಲ.